ಒಣಮೀನಿನ ಬುಟ್ಟಿಯ ಚಿತ್ರವಿದ್ದ ಮಕ್ಕಳ ಪುಸ್ತಕವನ್ನು ‘ಒಳಗಿಡಿ’ ಎಂದರು: ಗ್ರಂಥಾಲಯದವನು ಏನು ಮಾಡಬೇಕು?

ಪ್ರಶ್ನೆ: ಘಟ್ಟದ ಮೇಲ್ವಿಚಾರಕ, ಶಿರಸಿ ತಾಲೂಕು

ನಾನು ಶಿರಸಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗಿನ ಹೆಸರಿನಲ್ಲಿ ಹೇಳುವುದಾದರೆ ಅರಿವು ಕೇಂದ್ರದಲ್ಲಿ, ಮೇಲ್ವಿಚಾರಕನಾಗಿದ್ದೇನೆ. ಊರಿನ ಹೆಸರನ್ನಾಗಲಿ ಪುಸ್ತಕದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾತು ಯಾರು ಯಾರಿಗೆ ಏನಂದರು ಎಂಬ ಕಡೆಗೆ ಹೊರಳುತ್ತದೆ, ನನಗೆ ಬೇಕಾಗಿರುವುದು ದಾರಿ.

2020ರ ನವೆಂಬರಿನಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾದ ಮೇಲೆ ನಮ್ಮ ಒಂದು ಕೋಣೆಯ ಗ್ರಂಥಾಲಯಕ್ಕೆ ಮಕ್ಕಳು ಬರತೊಡಗಿದರು. ಅಡಿಕೆ ತೋಟದ ಮನೆಗಳವರು, ಆ ತೋಟಗಳಿಗೆ ಕೆಲಸಕ್ಕೆ ಬರುವವರ ಮಕ್ಕಳು, ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಜನರ ಕೇರಿಯಿಂದ ನಡೆದು ಬರುವ ನಾಲ್ವರು, ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಓದುತ್ತಾರೆ. ಹೋದ ವರ್ಷ ದಾನಿಯೊಬ್ಬರು ಒಂದು ಪೆಟ್ಟಿಗೆ ಚಿತ್ರಪುಸ್ತಕ ಕೊಟ್ಟರು. ಅದರಲ್ಲೊಂದು, ಕರಾವಳಿಯ ಅಜ್ಜಿಯೊಬ್ಬಳು ಮಳೆಗಾಲಕ್ಕೆ ಮುಂಚೆ ಒಣಮೀನಿನ ಬುಟ್ಟಿ ಹೊತ್ತು, ಮೊಮ್ಮಗಳನ್ನೂ ಕರೆದುಕೊಂಡು, ಬಸ್ಸಿನಲ್ಲಿ ಘಟ್ಟ ಹತ್ತಿ ಸಂತೆಗೆ ಬರುವ ಕಥೆ. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಮೊಮ್ಮಗಳು ಅಜ್ಜಿಯ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತಾಳೆ, ಸಂತೆಯಲ್ಲಿ ಬುಟ್ಟಿ ಖಾಲಿಯಾಗುತ್ತದೆ. ಕಥೆ ಇಷ್ಟೇ.

ಜೂನ್ ತಿಂಗಳಲ್ಲಿ ಪಾಲಕರೊಬ್ಬರು ಬಂದು, ತಮ್ಮ ಮಗಳು ಇದನ್ನು ಮನೆಗೆ ತಂದು ಊಟದ ಹೊತ್ತಿಗೇ ಎಲ್ಲರೆದುರು ಜೋರಾಗಿ ಓದಿದಳೆಂದೂ, ಇಂಥ ಪುಸ್ತಕಗಳು ನಮ್ಮ ಊರಿನ ಮಕ್ಕಳಿಗೆ ಬೇಡವೆಂದೂ ಹೇಳಿದರು. ಒರಟಾಗಿ ಹೇಳಲಿಲ್ಲ, ನಾನು ಕೊಟ್ಟ ಚಹಾ ಕುಡಿದೇ ಹೋದರು. ಎರಡು ದಿನ ಬಿಟ್ಟು ಪಂಚಾಯಿತಿಯ ಸದಸ್ಯರೊಬ್ಬರು ದಾರಿಯಲ್ಲಿ ಸಿಕ್ಕಾಗ, “ಸುಮ್ಮನೆ ಗಲಾಟೆ ಯಾಕೆ ಮಾರಾಯ್ರೆ, ಅದನ್ನು ಒಳಗಿಡಿ” ಎಂದರು. ನಾನು ಒಳಗಿಟ್ಟೆ. ಮೇಜಿನ ಕೆಳಗಿನ ಖಾನೆಯಲ್ಲಿ ಅದು ಒಂದು ತಿಂಗಳಿನಿಂದ ಇದೆ, ನಾನು ಅದರ ಮುಂದೆಯೇ ಕುಳಿತುಕೊಳ್ಳುತ್ತೇನೆ.

ಈಗ ಎರಡನೆಯ ಪುಸ್ತಕದ ಮಾತು ಬಂದಿದೆ. ಅದರಲ್ಲಿ ಸಿದ್ದಿ ಹುಡುಗಿಯೊಬ್ಬಳ ಕಥೆಯಿದೆ. “ಇದನ್ನೆಲ್ಲ ಯಾರು ಓದುತ್ತಾರೆ” ಎಂಬುದು ಈ ಬಾರಿಯ ಆಕ್ಷೇಪ. ಯಾರು ಓದುತ್ತಾರೆಂದು ನನಗೆ ಗೊತ್ತು. ಪುಸ್ತಕ ಬಂದ ದಿನ ಕೇರಿಯ ಐದನೇ ತರಗತಿಯ ಹುಡುಗ ಮುಖಪುಟದ ಹುಡುಗಿಯ ಗುಂಗುರು ಕೂದಲಿನ ಮೇಲೆ ಬೆರಳಿಟ್ಟು, ಸುರುಳಿ ಸುರುಳಿಯಾಗಿ ಅದನ್ನೇ ತಿದ್ದುತ್ತ, “ಇದು ನಮ್ಮಕ್ಕನ ತಲೆ” ಎಂದಿದ್ದ. ಆಮೇಲೆ ಮೂರು ಸಲ ಅದನ್ನೇ ಎರವಲು ಪಡೆದಿದ್ದಾನೆ.

ಬಾಯಿಮಾತಿನಲ್ಲಿ ಹೇಳಿದರೆಂದು ಪುಸ್ತಕ ತೆಗೆಯುವುದು ಸರಿಯೇ? ತೆಗೆಯುವುದಿಲ್ಲ ಎನ್ನಬೇಕಾದರೆ ಊರಿನ ಸಂಬಂಧ ಕೆಡದಂತೆ ಹೇಗೆ ಹೇಳಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಮೇಷ್ಟ್ರು, ಕುಮಟಾ

ಮೊದಲಿಗೆ, ಆ ಖಾನೆಯಿಂದ ಪುಸ್ತಕವನ್ನು ಹೊರಗೆ ತೆಗೆಯಿರಿ. ಪುಸ್ತಕವನ್ನು ನೀವು ತಿರಸ್ಕರಿಸಿಲ್ಲ, ಹರಿದಿಲ್ಲ, ಹಿಂದಿರುಗಿಸಿಲ್ಲ. ಗ್ರಂಥಾಲಯಕ್ಕೆ ಬಂದ ಪುಸ್ತಕಗಳಿಗೆ ಸಂಖ್ಯೆ ಕೊಟ್ಟು ದಾಖಲಿಸುವ ಪರಿಗ್ರಹಣ ವಹಿಯಲ್ಲಿ ಅದರ ಸಂಖ್ಯೆ ಹಾಗೆಯೇ ಇದೆ, ಕಪಾಟಿನಲ್ಲಿ ಮಾತ್ರ ಅದು ಇಲ್ಲ. ಲೆಕ್ಕ ತಪಾಸಣೆಗೆ ಬಂದವರು ಕೇಳಿದರೆ ನೀವು ಏನು ಹೇಳುತ್ತೀರಿ? ಹೀಗೆ ಸದ್ದಿಲ್ಲದೆ ಒಳಗೆ ಹೋಗುವ ಪುಸ್ತಕಗಳ ಲೆಕ್ಕ ಯಾರಿಗೂ ಸಿಗುವುದಿಲ್ಲ. ಬಹಿರಂಗ ನಿಷೇಧಕ್ಕಿಂತ ನನಗೆ ಹೆಚ್ಚು ಭಯವಿರುವುದು ಇದರದೇ, ಏಕೆಂದರೆ ಇಲ್ಲಿ ನಿಷೇಧಿಸಿದವರ ಹೆಸರಿರುವುದಿಲ್ಲ, ಕಾರಣವೂ ಇರುವುದಿಲ್ಲ.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಿರಬಹುದು, ಗ್ರಂಥಾಲಯಗಳಿಗೆ ಹೊಸದಲ್ಲ. ಅಮೆರಿಕದ ಗ್ರಂಥಾಲಯ ಸಂಘವು ಓದುಗರ ಹಕ್ಕುಗಳ ಘೋಷಣೆಯೊಂದನ್ನು 1939ರಷ್ಟು ಹಿಂದೆಯೇ ಒಪ್ಪಿಕೊಂಡಿತು. ಅಲ್ಲಿ ಈಗ ಈ ಜಗಳ ಎಷ್ಟು ಬೆಳೆದಿದೆಯೆಂದರೆ, ಅದೇ ಸಂಘದ ಎಣಿಕೆಯಂತೆ 2023ರ ಒಂದೇ ವರ್ಷದಲ್ಲಿ 4,240 ಬೇರೆ ಬೇರೆ ಪುಸ್ತಕಗಳ ಮೇಲೆ ಆಕ್ಷೇಪಗಳು ಬಂದವು. ಅವುಗಳಲ್ಲಿ ದೊಡ್ಡ ಪಾಲು ಕಪ್ಪು ಜನರ, ಇತರ ಬಣ್ಣದವರ, ಲೈಂಗಿಕ ಅಲ್ಪಸಂಖ್ಯಾತರ ಬದುಕನ್ನು ಹೇಳುವ ಪುಸ್ತಕಗಳು. ಅಲ್ಲಿನ ಗ್ರಂಥಪಾಲಕರು ದೀರ್ಘ ಅನುಭವದಿಂದ ಕಂಡುಕೊಂಡ ಕ್ರಮ ಬಹಳ ಸರಳವಾಗಿದೆ, ನಮ್ಮ ಪಂಚಾಯಿತಿಗೂ ಹೊಂದುತ್ತದೆ. ಆಕ್ಷೇಪ ಇದ್ದವರು ಲಿಖಿತವಾಗಿ ಕೊಡಬೇಕು. ಪೂರ್ತಿ ಪುಸ್ತಕ ಓದಿದ್ದೀರಾ, ಯಾವ ಪುಟಕ್ಕೆ ಆಕ್ಷೇಪ, ಪುಸ್ತಕವನ್ನು ಏನು ಮಾಡಬೇಕೆನ್ನುತ್ತೀರಿ ಎಂದು ಆ ಅರ್ಜಿಯಲ್ಲೇ ಕೇಳಲಾಗುತ್ತದೆ. ಸಮಿತಿಯೊಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ತೀರ್ಮಾನಿಸುತ್ತದೆ, ತೀರ್ಮಾನವಾಗುವವರೆಗೆ ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಈ ಕೊನೆಯ ನಿಯಮವೇ ಪ್ರಾಣ. ಅದಿಲ್ಲದಿದ್ದರೆ ದೂರು ಕೊಡುವುದೇ ಶಿಕ್ಷೆ ಕೊಟ್ಟಂತಾಗುತ್ತದೆ.

ಅರ್ಜಿ ಬರೆದು ಕೊಡಿ ಎಂದರೆ ಅರ್ಧದಷ್ಟು ಜನ ಮತ್ತೆ ಬರುವುದಿಲ್ಲ. ಇದನ್ನು ಮೂವತ್ತು ವರ್ಷ ಶಾಲೆಯಲ್ಲಿದ್ದವನಾಗಿ ಹೇಳುತ್ತಿದ್ದೇನೆ.

ಪಾಲಕರ ವಿಷಯದಲ್ಲಿ ಮಾತ್ರ ಮೃದುವಾಗಿರಿ. ತಮ್ಮ ಮಗು ಏನು ಓದಬೇಕೆಂದು ಯೋಚಿಸುವುದು ಅವರ ಕರ್ತವ್ಯವೇ ಆಗಿದೆ. “ನಿಮ್ಮ ಮಗಳಿಗೆ ಈ ಪುಸ್ತಕ ಕೊಡಬೇಡಿ ಎಂದರೆ ಅದನ್ನು ನಾನು ನೆನಪಿಡುತ್ತೇನೆ, ಉಳಿದ ಮನೆಗಳ ಮಕ್ಕಳ ಪರವಾಗಿ ನೀವು ಹಾಗೆ ಹೇಳಲು ಬರುವುದಿಲ್ಲವಲ್ಲ” ಎಂದರೆ ಸಾಕು. ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಎನ್ನುತ್ತದೆ. ನಿಮ್ಮ ಐದನೇ ತರಗತಿಯ ಹುಡುಗ ಬೆರಳಿನಲ್ಲಿ ತಿದ್ದಿದ್ದು ಈ ಎರಡು ಸೂತ್ರಗಳನ್ನೇ.

ಉತ್ತರ: ಕೋರ್ಟು ರಸ್ತೆ, ಕಾರವಾರ

ಮೇಷ್ಟ್ರು ಹೇಳಿದ ಕ್ರಮ ಒಳ್ಳೆಯದು, ಆದರೆ ಅದು ಇಲ್ಲಿ ಕಾನೂನಲ್ಲ ಎಂಬುದನ್ನು ಪ್ರಶ್ನೆ ಕೇಳಿದವರು ತಿಳಿದಿರಬೇಕು. ಅಮೆರಿಕದಲ್ಲೂ ಅದು ಪೂರ್ತಿ ಇತ್ಯರ್ಥವಾದ ವಿಷಯವಲ್ಲ. ನ್ಯೂಯಾರ್ಕ್ ರಾಜ್ಯದ ಶಾಲಾ ಮಂಡಳಿಯೊಂದು ಪುಸ್ತಕಗಳನ್ನು ತೆಗೆಸಿದಾಗ ವಿದ್ಯಾರ್ಥಿಗಳೇ ಹೂಡಿದ ಮೊಕದ್ದಮೆ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಲೆಯ ಗ್ರಂಥಾಲಯದಿಂದ ಪುಸ್ತಕ ತೆಗೆಯಬಾರದು ಎಂಬ ಅಭಿಪ್ರಾಯ ಅಲ್ಲಿ ಬಂತಾದರೂ ನ್ಯಾಯಮೂರ್ತಿಗಳಲ್ಲಿ ಬಹುಮತದ ಒಂದೇ ದನಿಯಿರಲಿಲ್ಲ, ಅದರ ಮೇಲಿನ ವಾದ ಇಂದಿಗೂ ನಡೆದಿದೆ.

ನಮ್ಮಲ್ಲಿ ಹೇಗೆ? ಒಂದು ಪ್ರಕಟಣೆಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವಿರುವುದು ರಾಜ್ಯ ಸರ್ಕಾರಕ್ಕೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಲ್ಲಿದೆ. ಅದಕ್ಕೂ ಕಾರಣ ನಮೂದಿಸಿದ ಅಧಿಸೂಚನೆ ಬೇಕು, ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಬಹುದು. ಆದ್ದರಿಂದ ದಾರಿಯಲ್ಲಿ ಸಿಕ್ಕ ಸದಸ್ಯರೊಬ್ಬರ ಮಾತು ನಿಷೇಧವಾಗುವುದಿಲ್ಲ. ಹಾಗೆಂದು ಈ ಕಲಮನ್ನು ಅವರ ಮುಖಕ್ಕೆ ಹಿಡಿಯಲು ಹೋಗಬೇಡಿ. ಅವರು ನಿಷೇಧಿಸಿ ಎನ್ನುತ್ತಿಲ್ಲ, ನಮ್ಮ ಗ್ರಂಥಾಲಯದಲ್ಲಿ ಬೇಡ ಎನ್ನುತ್ತಿದ್ದಾರೆ, ಅದು ಬೇರೆಯೇ ಪ್ರಶ್ನೆ. 2019ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದಿರುವುದರಿಂದ ಪಂಚಾಯಿತಿಗೆ ಅಲ್ಲಿ ಮಾತಿದೆ. ಆದರೆ ಪಂಚಾಯಿತಿ ಮಾತಾಡುವುದು ಸಭೆಯಲ್ಲಿ, ಠರಾವಿನ ಮೂಲಕ. ಒಬ್ಬ ಸದಸ್ಯರು ಪಂಚಾಯಿತಿಯಲ್ಲ.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒ ಅವರಿಗೆ, ಅರ್ಧ ಪುಟದ ಪತ್ರ ಬರೆಯಿರಿ: ಇಂಥ ಪರಿಗ್ರಹಣ ಸಂಖ್ಯೆಯ ಪುಸ್ತಕದ ಬಗ್ಗೆ ಮೌಖಿಕ ಆಕ್ಷೇಪ ಬಂದಿದೆ, ಲಿಖಿತ ಅರ್ಜಿ ಬಂದಿಲ್ಲ, ಲಿಖಿತ ಸೂಚನೆ ಬರುವವರೆಗೆ ಪುಸ್ತಕವನ್ನು ಎಂದಿನಂತೆ ಓದುಗರಿಗೆ ಲಭ್ಯವಾಗಿಡಲಾಗಿದೆ. ಸ್ವೀಕೃತಿ ಪಡೆದು ಕಡತದಲ್ಲಿಡಿ, ಹಿಂಬರಹ, ಅಂದರೆ ಅವರ ಲಿಖಿತ ಉತ್ತರ, ಬಂದರೆ ಅದನ್ನೂ ಜೊತೆಗೆ ಸೇರಿಸಿ. ಪತ್ರದಲ್ಲಿ ಯಾರ ಹೆಸರೂ ಬೇಡ, ಸಿಟ್ಟೂ ಬೇಡ.

ಇನ್ನೊಂದು ಮಾತು. ನಿಮ್ಮ ಊರಿನ ಯಾವುದೇ ಮನೆಯ ತೆರಿಗೆ ರಶೀದಿ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರಗಳ ಸಾಲಿನಲ್ಲೇ ಶೇಕಡಾ 6ರ ಗ್ರಂಥಾಲಯ ಕರವೂ ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಸಿದ್ದಿ ಕೇರಿಯ ಮನೆಯವರೂ ಅದನ್ನು ಕಟ್ಟುತ್ತಾರೆ. ‘ಇದನ್ನೆಲ್ಲ ಯಾರು ಓದುತ್ತಾರೆ’ ಎಂದು ಕೇಳಿದವರಿಗೆ ಆ ರಶೀದಿಯನ್ನು ತೋರಿಸಬಹುದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ, ಅದರ 13ನೇ ವಿಧಿ ಮಾಹಿತಿಯನ್ನು ಹುಡುಕುವ ಮತ್ತು ಪಡೆಯುವ ಮಗುವಿನ ಸ್ವಾತಂತ್ರ್ಯದ ಬಗ್ಗೆಯೇ ಇದೆ. ಪಂಚಾಯಿತಿ ಸಭೆಯಲ್ಲಿ ಮಾತ್ರ ಒಡಂಬಡಿಕೆಗಿಂತ ರಶೀದಿಗೇ ತೂಕ ಹೆಚ್ಚು.

ಉತ್ತರ: ಬೈತಖೋಲದವಳು

ನಾನು ಕಾರವಾರದ ಬೈತಖೋಲದ ಮೀನುಗಾರರ ಮನೆಯವಳು. ನಮ್ಮ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ನಾನು ಓದಿದ ಯಾವ ಮಕ್ಕಳ ಪುಸ್ತಕದಲ್ಲೂ ನಮ್ಮ ಮನೆಯಿರಲಿಲ್ಲ. ಕಥೆಗಳಲ್ಲಿ ಬೆಸ್ತನೊಬ್ಬ ಇರುತ್ತಿದ್ದ, ಬಲೆ ಬೀಸುತ್ತಿದ್ದ, ಬಲೆಯಲ್ಲಿ ಭೂತವೋ ಚಿನ್ನದ ಮೀನೋ ಸಿಗುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದಾಗ ಮನೆಯಲ್ಲಿ ದುಡ್ಡು ಹೇಗೆ ತಿರುಗುತ್ತದೆ, ಆಗ ಒಣಮೀನಿನ ಡಬ್ಬಿ ಎಷ್ಟು ದೊಡ್ಡ ಆಸ್ತಿ ಎಂಬುದನ್ನು ಯಾವ ಪುಸ್ತಕವೂ ಹೇಳಲಿಲ್ಲ. ನನ್ನ ತರಗತಿಯ ಹುಡುಗಿಯರು ನನ್ನ ಪಕ್ಕ ಕೂರಲು ಹಿಂಜರಿಯುತ್ತಿದ್ದುದು ವಾಸನೆಗೆಂದು ನನಗೆ ಏಳನೇ ತರಗತಿಯಲ್ಲಿ ತಿಳಿಯಿತು. ಅಂದಿನಿಂದ ಶಾಲೆಗೆ ಹೊರಡುವ ಮುಂಚೆ ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆಯುತ್ತಿದ್ದೆ. ಆ ಬಸ್ಸಿನ ಪುಟವನ್ನು ಅಂದು ಓದಿದ್ದರೆ ಕೈ ತೊಳೆಯುವುದನ್ನು ಬಿಡುತ್ತಿದ್ದೆನೆಂದು ಹೇಳಲಾರೆ. ಆದರೆ ಹಾಗೆ ಮಾಡುವವಳು ನಾನೊಬ್ಬಳೇ ಅಲ್ಲವೆಂದು ತಿಳಿಯುತ್ತಿತ್ತು.

ಅಮೆರಿಕದ ರೂಡಿನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ 1990ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಪುಸ್ತಕಗಳು ಮಕ್ಕಳಿಗೆ ಕನ್ನಡಿಯೂ ಕಿಟಕಿಯೂ ಆಗಬಲ್ಲವು ಎಂದಿದ್ದಾರೆ. ಕೆಲವು ಮಕ್ಕಳಿಗೆ ಎಲ್ಲೆಲ್ಲೂ ಕನ್ನಡಿಯೇ ಸಿಗುತ್ತದೆ, ಕೆಲವರಿಗೆ ಒಂದೂ ಸಿಗುವುದಿಲ್ಲ, ಇದರಿಂದ ಇಬ್ಬರಿಗೂ ನಷ್ಟ ಎಂಬುದು ಅವರ ವಾದ. ಅಲ್ಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಸಿ ನೋಡಿದಾಗ, ಆ ವರ್ಷ ಅಮೆರಿಕದಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರು ಬರೆದ ಅಥವಾ ಚಿತ್ರ ಬಿಡಿಸಿದ ಪುಸ್ತಕಗಳು 18 ಮಾತ್ರ ಇದ್ದವು. ನಮ್ಮ ಜಿಲ್ಲೆಯ ಒಂದು ಕಪಾಟನ್ನು ಯಾರಾದರೂ ಹೀಗೆ ಎಣಿಸಬೇಕು. ಹಾಲಕ್ಕಿ, ಸಿದ್ದಿ, ಗೌಳಿ, ಕುಣಬಿ, ಖಾರ್ವಿ, ಭಟ್ಕಳದ ನವಾಯತ, ಮುಂಡಗೋಡಿನ ಟಿಬೆಟನ್ ಮಕ್ಕಳು ಎಷ್ಟು ಪುಸ್ತಕಗಳಲ್ಲಿದ್ದಾರೆಂದು ಎಣಿಸಲು ಒಂದು ಮಧ್ಯಾಹ್ನ ಸಾಕು, ಬೆರಳೂ ಸಾಕು ಎಂದು ನನ್ನ ಅಂದಾಜು.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ನೀವು ಹೇಳಿದ ಪುಸ್ತಕ ನನ್ನ ಬಳಿಯಿರುವುದೇ ಆಗಿದ್ದರೆ, ಅಜ್ಜಿಯ ಒಣಮೀನಿನ ಬುಟ್ಟಿಯಲ್ಲಿ ಚಿತ್ರಕಾರರು ಹಸಿ ಬಂಗಡೆ ಬಿಡಿಸಿದ್ದಾರೆ. ಬೆನ್ನ ಮೇಲೆ ಪಟ್ಟೆ ಹೊಳೆಯುತ್ತಿದೆ, ಕಣ್ಣು ದುಂಡಗಿದೆ. ಒಣಗಿದ ಬಂಗಡೆ ಹಾಗಿರುವುದಿಲ್ಲ. ಅದು ಉಪ್ಪು ಹಿಡಿದು, ಸೀಳಿಕೊಂಡು, ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಬಗ್ಗೆ ಪುಸ್ತಕ ಬಂದರೆ ಸಾಲದು, ನಮ್ಮಲ್ಲಿ ಯಾರನ್ನಾದರೂ ಒಂದು ಮಾತು ಕೇಳಿ ಬರೆಯಬೇಕು. ಆದರೂ ಆ ಪುಸ್ತಕ ಕಪಾಟಿನಲ್ಲಿರಲಿ. ತಪ್ಪು ಚಿತ್ರವನ್ನು ಮಕ್ಕಳೇ ಹಿಡಿಯುತ್ತಾರೆ, ನನ್ನ ಮಗ ಹಿಡಿದ.

ಉತ್ತರ: ತೋಟದ ಮನೆ, ಸಿದ್ದಾಪುರ ಕಡೆ

ಇಲ್ಲಿಯವರೆಗಿನ ಉತ್ತರಗಳಲ್ಲಿ ಆ ಪಾಲಕರ ಪರವಾಗಿ ಯಾರೂ ಮಾತಾಡಿಲ್ಲವಾದ್ದರಿಂದ ನಾನು ಸ್ವಲ್ಪ ಮಾತಾಡುತ್ತೇನೆ. ನಮ್ಮದೂ ಸಸ್ಯಾಹಾರಿ ಮನೆ. ಊಟದ ಪಂಕ್ತಿಯಲ್ಲಿ ಮಗು ಮೀನಿನ ಕಥೆ ಓದಿದರೆ ನನ್ನ ತಾಯಿ ಎದ್ದುಹೋಗುತ್ತಿದ್ದರು, ಅದರಲ್ಲಿ ದ್ವೇಷವೇನೂ ಇರುತ್ತಿರಲಿಲ್ಲ, ಅವರು ಬೆಳೆದ ರೀತಿ ಹಾಗಿತ್ತು. ಅದನ್ನು ಗೌರವಿಸುವುದಕ್ಕೂ ಗ್ರಂಥಾಲಯದ ಕಪಾಟಿಗೂ ಸಂಬಂಧವಿಲ್ಲವೆಂದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಪಂಕ್ತಿ ಮನೆಯದು, ಕಪಾಟು ಊರಿನದು.

ವಯಸ್ಸಿನ ಪ್ರಶ್ನೆಯನ್ನು ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ. ಆರು ವರ್ಷದ ಮಗುವಿಗೆ ಹದಿನಾರರ ಪುಸ್ತಕ ಸಿಗದಂತೆ ಕಪಾಟುಗಳನ್ನು ಬೇರೆ ಮಾಡುವುದು ಗ್ರಂಥಾಲಯದ ಕೆಲಸವೇ. ಆದರೆ ‘ವಯಸ್ಸಿಗೆ ತಕ್ಕುದಲ್ಲ’ ಎಂಬ ಮಾತು ‘ನಮಗೆ ಹಿಡಿಸುವುದಿಲ್ಲ’ ಎಂಬುದರ ಮರೆಯಾಗಿ ಬರುವುದುಂಟು. ಒಣಮೀನಿಗೆ ವಯಸ್ಸಿನ ಮಿತಿ ಯಾವುದು?

ಹವ್ಯಕ ಕನ್ನಡ ಮಾತಾಡುವ ನಮ್ಮ ಮಕ್ಕಳೂ ಪುಸ್ತಕದಲ್ಲಿ ತಮ್ಮ ಮನೆಮಾತನ್ನು ಕಾಣುವುದಿಲ್ಲ, ಆಮೇಲೆ ಶಾಲೆಯಲ್ಲಿ ಆ ಮಾತಿಗೆ ನಾಚುತ್ತಾರೆ. ಈ ಮಾತನ್ನು ನಿಮ್ಮ ಪಾಲಕರಿಗೆ ಹೇಳಿ ನೋಡಿ. ಬೈತಖೋಲದ ಅಕ್ಕ ಕೇಳುತ್ತಿರುವುದನ್ನೇ ನಾವೂ ಕೇಳಬೇಕಾದವರು.

ಪುಸ್ತಕ ಎಲ್ಲಿಂದ ತರುವುದೆಂದರೆ, ದುಡ್ಡಿಲ್ಲದ ದಾರಿಯೊಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡವೂ ಸೇರಿ ಅನೇಕ ಭಾಷೆಗಳ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಮೂಲ ಬರೆದವರ ಹೆಸರು ಹಾಕಿ ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು. ನಾವು ಇಲ್ಲಿ ಮಕ್ಕಳಿಂದಲೇ ಎರಡು ಕಥೆಗಳನ್ನು ಮನೆಮಾತಿಗೆ ತಿರುಗಿಸಿ, ಮುದ್ರಿಸಿ, ಹೊಲಿಗೆ ಹಾಕಿ ಶಾಲೆಗೆ ಕೊಟ್ಟೆವು. ಕಾಗುಣಿತದ ತಪ್ಪುಗಳಿವೆ, ಆದರೆ ಹೆಚ್ಚು ಹರಿದಿರುವ ಪುಸ್ತಕಗಳೂ ಅವೇ.

ಅಂಕೋಲಾ ಕಡೆಯವರಿಗೆ ಇನ್ನೂ ಹತ್ತಿರದ ದಾರಿಯಿದೆ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಬಾಯಲ್ಲಿದ್ದ ಹಾಲಕ್ಕಿ ಹಾಡುಗಳಿಗೆ. ಅವರು 2025ರಲ್ಲಿ ತೀರಿಕೊಂಡರು. ಅಂಥ ಹಾಡು ಬಲ್ಲ ಅಜ್ಜಿಯರು ಇನ್ನೂ ಇರುವಾಗಲೇ ಮಕ್ಕಳು ಹೋಗಿ ಕೇಳಿ ಬರೆದುಕೊಂಡರೆ ಅದಕ್ಕೆ ಪ್ರಕಾಶಕರು ಬೇಕಿಲ್ಲ, ಒಂದು ನೂರು ಪುಟದ ನೋಟುಬುಕ್ಕು ಸಾಕು, ಅದಕ್ಕೂ ಪರಿಗ್ರಹಣ ಸಂಖ್ಯೆ ಕೊಡಬಹುದು.

ಮತ್ತೆ: ಘಟ್ಟದ ಮೇಲ್ವಿಚಾರಕ

ಎಲ್ಲರಿಗೂ ನಮಸ್ಕಾರ. ಉತ್ತರಗಳನ್ನು ಓದಿದ ಮರುದಿನವೇ ಖಾನೆ ತೆರೆದೆ. ನಮ್ಮ ಕಡೆಯ ಮಳೆ ಗೊತ್ತಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿದಿತ್ತು. ಒಣಬಟ್ಟೆಯಲ್ಲಿ ಒರೆಸಿ, ಮನೆಗೆ ಒಯ್ದು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಪಕ್ಕ ಎರಡು ರಾತ್ರಿ ಇಟ್ಟು ಒಣಗಿಸಿದೆ. ಈಗ ಸ್ವಲ್ಪ ಹೊಗೆಯ ವಾಸನೆ ಬರುತ್ತದೆ. ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟಿದ್ದೇನೆ.

ಪಿಡಿಒ ಅವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದೆ. ಹಿಂಬರಹ ಇನ್ನೂ ಬಂದಿಲ್ಲ. ಸದಸ್ಯರು ಆಮೇಲೆ ಎರಡು ಸಲ ಎದುರಾದರು, ಪುಸ್ತಕದ ಮಾತೆತ್ತಲಿಲ್ಲ, ಮೊದಲಿನಷ್ಟು ಮಾತಾಡಲೂ ಇಲ್ಲ. ಇದು ಹೀಗೆಯೇ ಉಳಿಯಬಹುದು.

ಪಾಲಕರನ್ನು ಕಂಡು, ಮೇಷ್ಟ್ರು ಹೇಳಿದಂತೆ ನಿಮ್ಮ ಮಗಳಿಗೆ ಆ ಪುಸ್ತಕ ಕೊಡುವುದಿಲ್ಲ, ಬೇರೆಯವರಿಗೆ ಕೊಡುವುದನ್ನು ನಿಲ್ಲಿಸಲಾರೆ ಎಂದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಅರ್ಜಿ ಬರೆಯುವ ಮಾತನ್ನೂ ಆಡಲಿಲ್ಲ. ಮನೆಮಾತಿನ ಪುಸ್ತಕದ ವಿಷಯ ಹೇಳಿದಾಗ ಮಾತ್ರ, ತಮ್ಮ ಅಜ್ಜಿ ಹೇಳುತ್ತಿದ್ದ ಒಗಟುಗಳು ಹತ್ತಿಪ್ಪತ್ತು ನೆನಪಿವೆ, ಬರೆಸಿಕೊಳ್ಳುವುದಾದರೆ ಹೇಳುತ್ತೇನೆ ಎಂದರು. ಭಾನುವಾರ ಸಂಜೆ ಕರೆದಿದ್ದೇನೆ. ಸಿದ್ದಿ ಕೇರಿಯ ಹುಡುಗನ ಅಕ್ಕನೂ ಬರುತ್ತೇನೆಂದಿದ್ದಾಳೆ. ನೋಟುಬುಕ್ಕು ತಂದಿಟ್ಟಿದ್ದೇನೆ.

ಬೈತಖೋಲದ ಅಕ್ಕನಿಗೆ: ಹೌದು, ಹಸಿ ಬಂಗಡೆಯೇ. ನನಗೆ ಗೊತ್ತಾಗಿರಲಿಲ್ಲ.